ಸಂತೆಯಿಂದ ಸಂತೆಗೆ: ಮರುಭೂಮಿಯಲ್ಲಿ ಕ್ಯಾಂಪರ್ ವ್ಯಾನಿನ ಸಂಸಾರ

ರೋಣ, ನವಲಗುಂದ, ಶಿಗ್ಗಾಂವಿಯ ಹಳ್ಳಿಗಳಲ್ಲಿ ಸಂಸಾರ ನಡೆಯುವುದು ಸಂತೆಯಿಂದ ಸಂತೆಗೆ. ಒಂದು ಸಂತೆಯಲ್ಲಿ ತಂದ ಕಾಯಿಪಲ್ಲೆ, ಎಣ್ಣೆ, ಬೆಲ್ಲ ಮುಂದಿನ ಸಂತೆಯವರೆಗೆ ಬರಬೇಕು. ನಡುವೆ ತೀರಿದರೆ ನೆರೆಮನೆಯಲ್ಲಿ ಒಂದು ಬಟ್ಟಲು ಇಸಿದುಕೊಳ್ಳಬಹುದು. ವ್ಯಾನಿನಲ್ಲಿ ಮರುಭೂಮಿಗೆ ಹೋಗುವವರಿಗೂ ಇದೇ ಲೆಕ್ಕ, ಆದರೆ ಅಲ್ಲಿ ನೆರೆಮನೆ ಇರುವುದಿಲ್ಲ. ನಾಲ್ಕು ರಾತ್ರಿ ಬಯಲಲ್ಲಿ, ಐದನೆಯ ದಿನ ಪೇಟೆಗೆ. ಆ ಒಂದು ದಿನದಲ್ಲಿ ನೀರು, ಡೀಸೆಲ್, ಕಾಯಿಪಲ್ಲೆ, ಅರಿವೆ, ಕಸ, ಔಷಧಿ ಎಲ್ಲ ಮುಗಿಯಬೇಕು. ಹೀಗೆ ಹಿಡಿದವರು ಹದಿನೈದು ದಿನ ನೆಮ್ಮದಿಯಿಂದ ಇದ್ದು ಬರುತ್ತಾರೆ. ಬೇಕಾದಾಗ ತಂದರಾಯಿತು ಎಂದುಕೊಂಡವರು ದಿನವೂ ನೂರು ಕಿ.ಮೀ. ಗಾಡಿ ಓಡಿಸುತ್ತಾರೆ.

ಕೆಳಗಿನ ಅಳತೆಗಳೆಲ್ಲ ನಾಲ್ಕು ಮಂದಿಗೆ, ಐದು ದಿನಕ್ಕೆ, ಟೆಂಪೋ ಟ್ರಾವೆಲರ್ ಗಾತ್ರದ ಗಾಡಿಗೆ. ಜಾಗ ಎಂದರೆ ಮುಖ್ಯವಾಗಿ ಎರಡು: ಗುಜರಾತಿನ ಕಚ್ಛದ ರಣ ಎಂಬ ಉಪ್ಪಿನ ಬಯಲು ಮತ್ತು ರಾಜಸ್ಥಾನದ ಜೈಸಲ್ಮೇರ್ ಸುತ್ತಿನ ಥಾರ್. ಹುಬ್ಬಳ್ಳಿಯಿಂದ ಪುಣೆ, ಅಹಮದಾಬಾದ್ ಮೇಲೆ ಭುಜ್ ಸುಮಾರು 1,400 ಕಿ.ಮೀ. ಮೂರು ದಿನದ ದಾರಿ ಎಂದು ಹಿಡಿಯಿರಿ. ಎರಡೇ ದಿನಕ್ಕೆ ಮುಟ್ಟಲು ಹೋದರೆ ಮೊದಲ ಎರಡು ದಿನ ಬಯಲಲ್ಲಿ ಮಲಗಿಯೇ ಕಳೆಯುತ್ತೀರಿ.

ಹೋಗುವ ಕಾಲ ನವೆಂಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ. ಮಳೆಗಾಲದ ನೀರು ರಣದಲ್ಲಿ ನಿಂತು ಆರಲು ಸಮಯ ಬೇಕು, ಅದಕ್ಕೇ ಡಿಸೆಂಬರಿಗಿಂತ ಮೊದಲು ಬಿಳಿ ನೆಲ ಪೂರ್ತಿ ಒಣಗಿರುವುದಿಲ್ಲ. ಚಳಿಗಾಲದಲ್ಲಿ ಹಗಲು 25 ಡಿಗ್ರಿ ಆಸುಪಾಸು ಇರುತ್ತದೆ, ರಾತ್ರಿ 10ಕ್ಕಿಂತ ಕೆಳಗಿಳಿಯುತ್ತದೆ. ಜೈಸಲ್ಮೇರ್ ಕಡೆ ಜನವರಿಯ ಕೆಲವು ರಾತ್ರಿ 5ಕ್ಕೂ ಕೆಳಗೆ. ಏಪ್ರಿಲ್ ಆದಮೇಲೆ ಗದಗಿನ ಬ್ಯಾಸಗಿ ಉಂಡವರೂ ತಗಡಿನ ಗಾಡಿಯೊಳಗೆ ಹಗಲು ಕಳೆಯಲಾರರು, ಆಗ ಹೋಗಲೇಬೇಡಿ.

ಮೊದಲು ಹೊಲದಲ್ಲಿ ಎರಡು ರಾತ್ರಿ

ಹೊರಡುವ ಮುನ್ನ ಸ್ವಂತದ್ದೋ ಬೀಗರದ್ದೋ ಹೊಲದಲ್ಲಿ ಗಾಡಿ ನಿಲ್ಲಿಸಿ ಎರಡು ರಾತ್ರಿ ಇರಿ. ಮನೆಗೆ ಓಡಿ ಏನನ್ನೂ ತರಬೇಡಿ. ಎಷ್ಟು ನೀರು ಖರ್ಚಾಯಿತು, ಬ್ಯಾಟರಿ ಎಷ್ಟಕ್ಕೆ ಇಳಿಯಿತು, ಯಾವ ಡಬ್ಬಿ ಯಾವುದರ ಕೆಳಗೆ ಸಿಕ್ಕಿಕೊಂಡಿತು ಎಂದು ಬರೆದಿಡಿ. ಅಣ್ಣಿಗೇರಿ, ನವಲಗುಂದದ ಎರಿ ಹೊಲವಾದರೆ ಸುಗ್ಗಿ ಮುಗಿದು ನೆಲ ಪೂರ್ತಿ ಒಣಗಿರಲಿ. ಎರಿಮಣ್ಣು ತೋಯ್ದರೆ ಭಾರದ ಗಾಡಿಯನ್ನು ಟ್ರ್ಯಾಕ್ಟರೇ ಎಳೆಯಬೇಕು. ಕಪ್ಪತಗುಡ್ಡದ ಮೇಲೆ ಪ್ರಯೋಗ ಬೇಡ, ಅದು 2019ರಿಂದ ವನ್ಯಜೀವಿ ಧಾಮ.

ಅದೇ ಹೊತ್ತಿಗೆ ಗಾಡಿಯ ತೂಕವನ್ನೂ ಮಾಡಿಸಿ. ನೀರು, ಗ್ಯಾಸು, ಹಾಸಿಗೆ, ಮಂದಿ ಎಲ್ಲ ತುಂಬಿಕೊಂಡು ಎಪಿಎಂಸಿ ಕಡೆಯ ವೇಬ್ರಿಡ್ಜಿಗೆ ಹತ್ತಿಸಿ, ಆರ್‌ಸಿ ಬುಕ್ಕಿನಲ್ಲಿರುವ ಒಟ್ಟು ತೂಕದ ಮಿತಿಯೊಂದಿಗೆ ತಾಳೆ ನೋಡಿ. ಮನೆಯಂತೆ ಮಾರ್ಪಡಿಸಿದ ಗಾಡಿಗಳಲ್ಲಿ ಪ್ಲೈವುಡ್ ಕಪಾಟೇ ಎಷ್ಟೋ ತೂಕ ತಿಂದಿರುತ್ತದೆ, ನೀರು ತುಂಬಿದಾಗಲೇ ಅದು ಗೊತ್ತಾಗುವುದು. ಮಿತಿ ಮೀರಿದ ಗಾಡಿಯ ಟೈರು ಬಿಸಿಯಾಗುತ್ತದೆ, ಬ್ರೇಕು ತಡವಾಗಿ ಹಿಡಿಯುತ್ತದೆ, ಉಸುಕಿಗೆ ಇಳಿದರಂತೂ ಏಳುವುದಿಲ್ಲ. ಮಾರ್ಪಾಡಿಗೆ ಆರ್‌ಟಿಒ ಒಪ್ಪಿಗೆ ಇದೆಯೇ, ಅದು ಆರ್‌ಸಿಯಲ್ಲಿ ದಾಖಲಾಗಿದೆಯೇ ಎಂಬುದನ್ನೂ ನೋಡಿಕೊಳ್ಳಿ. ದಾಖಲಾಗದಿದ್ದರೆ ಅಪಘಾತವಾದಾಗ ವಿಮೆಯವರು ಮೊದಲು ಅದನ್ನೇ ಕೇಳುತ್ತಾರೆ.

ನೀರಿನ ಲೆಕ್ಕ

ದಿನಕ್ಕೆ ನಾಲ್ಕು ಮಂದಿಗೆ 40 ಲೀಟರ್ ಸಾಕು. ಕುಡಿಯಲು 16, ಅಡುಗೆಗೆ 6, ಬಾಂಡೆಗೆ 5, ಮೈ-ಮುಖಕ್ಕೆ 10, ಸಂಡಾಸಿಗೆ 3. ಐದು ದಿನಕ್ಕೆ 200 ಲೀಟರ್. ಅದರ ಮೇಲೆ ಸೀಲು ಒಡೆಯದ 20 ಲೀಟರಿನ ಒಂದು ಕ್ಯಾನು. ಗಾಡಿ ಕೆಟ್ಟು ನಿಂತಾಗ ಬಿಟ್ಟರೆ ಅದನ್ನು ಯಾರೂ ಮುಟ್ಟುವಂತಿಲ್ಲ. ಚಳಿಯಲ್ಲಿ ನೀರಡಿಕೆ ಆಗುವುದಿಲ್ಲವೆಂದು ಕುಡಿಯುವ ಪಾಲನ್ನು ಕಡಿಮೆ ಮಾಡಬೇಡಿ. ಒಣ ಗಾಳಿಗೆ ಬೆವರು ಕಾಣದಂತೆಯೇ ಆರಿಹೋಗುತ್ತದೆ. ಸಂಜೆಗೆ ತಲೆನೋವು ಬಂದು ಮೂತ್ರ ಗಾಢ ಹಳದಿಯಾದರೆ ಕುಡಿದ ನೀರು ಸಾಲದೆಂದು ತಿಳಿಯಿರಿ.

ಒಂದೇ ದೊಡ್ಡ ಟ್ಯಾಂಕಿಗಿಂತ 20 ಲೀಟರಿನ 11 ಕ್ಯಾನು ಒಳ್ಳೆಯದು. ಟ್ಯಾಂಕಿನ ಒಂದು ನಳದ ವಾಷರ್ ಸವೆದರೆ ರಾತ್ರಿಯೊಳಗೆ ಎಲ್ಲ ನೀರೂ ಉಸುಕಿಗೆ. ಕ್ಯಾನು ಸೋರಿದರೆ ಹೋಗುವುದು 20 ಲೀಟರ್ ಮಾತ್ರ. ಕ್ಯಾನು ಕೊಳ್ಳುವಾಗ ತಿರುವಿ ಮುಚ್ಚುವ ಮುಚ್ಚಳದ, ಚೌಕ ಆಕಾರದ, ಆಹಾರಕ್ಕೆ ಬಳಸುವ ಗುಣಮಟ್ಟದ್ದನ್ನೇ ಕೇಳಿ. ಅಂಗಡಿಗಳಿಗೆ ಕುಡಿಯುವ ನೀರು ಬರುವ ಗುಂಡನೆಯ ದೊಡ್ಡ ಬಾಟಲಿ ಬೇಡ. ಕೆಟ್ಟ ರಸ್ತೆಯಲ್ಲಿ ಅದರ ಮುಚ್ಚಳ ಹಾರುತ್ತದೆ, ಅಡ್ಡ ಮಲಗಿಸಲೂ ಬರುವುದಿಲ್ಲ. ಎಣ್ಣೆಯೋ ರಾಸಾಯನಿಕವೋ ತುಂಬಿದ್ದ ಹಳೇ ಕ್ಯಾನನ್ನು ಎಷ್ಟು ತೊಳೆದರೂ ಕುಡಿಯುವ ನೀರಿಗೆ ಬಳಸಬೇಡಿ. ಕ್ಯಾನುಗಳನ್ನು ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ, ಗಾಡಿಯ ನೆಲಕ್ಕೇ ಕೂಡಿಸಿ ಪಟ್ಟಿಯಿಂದ ಬಿಗಿಯಿರಿ. ಮಾಳಿಗೆಯ ಮೇಲೆ 100 ಲೀಟರ್ ಹೇರಿದರೆ ತಿರುವಿನಲ್ಲಿ ಗಾಡಿ ವಾಲುತ್ತದೆ.

ಅಲ್ಲಿ ನೀರು ಕೇಳುವಾಗ ಒಂದು ಪದದ ತೊಡಕಿದೆ. ನಮಗೆ ಖಾರ ಎಂದರೆ ಬ್ಯಾಡಗಿ ಮೆಣಸಿನಕಾಯಿ. ಅಲ್ಲಿ ‘ಖಾರಾ ಪಾನೀ’ ಎಂದರೆ ಉಪ್ಪುನೀರು, ‘ಮೀಠಾ ಪಾನೀ’ ಎಂದರೆ ಕುಡಿಯುವ ಸಿಹಿನೀರು. ನಳದ ಹತ್ತಿರ ಹೋದ ಕೂಡಲೇ ಮೀಠಾ ಹೌದೋ ಅಲ್ಲವೋ ಎಂದು ಕೇಳಿ, ಆಮೇಲೆ ಕ್ಯಾನು ಇಳಿಸಿ. ಸಿಹಿನೀರಿಗೆ ಏಳು ಕ್ಯಾನು, ಬಳಕೆ ನೀರಿಗೆ ನಾಲ್ಕು ಕ್ಯಾನು ಮೀಸಲಿಟ್ಟು, ಬಳಕೆಯವಕ್ಕೆ ಕೆಂಪು ಬಣ್ಣದ ಪಟ್ಟಿ ಹೊಡೆಯಿರಿ. ಕೆಂಪು ಕ್ಯಾನಿಗೆ ಒಮ್ಮೆ ಖಾರಾ ನೀರು ಬಿದ್ದರೆ ಮತ್ತೆ ಅದು ಕುಡಿಯುವ ನೀರಿಗೆ ಬರಬಾರದು.

ಜೇಬಿನಲ್ಲಿ ಟಿಡಿಎಸ್ ಮೀಟರ್ ಇಟ್ಟುಕೊಳ್ಳಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಾಗ 2,000ದವರೆಗೆ ಒಪ್ಪಬಹುದು. ಮೀಟರು ಉಪ್ಪನ್ನಷ್ಟೇ ಹೇಳುತ್ತದೆ, ರೋಗಾಣುವನ್ನು ಹೇಳುವುದಿಲ್ಲ. 200 ತೋರಿಸಿದ ನೀರಿನಲ್ಲೂ ವಾಂತಿಭೇದಿ ಇರಬಹುದು. ಆದ್ದರಿಂದ ಸೀಲಿಲ್ಲದ ನೀರಿಗೆ ಕ್ಲೋರಿನ್ ಗುಳಿಗೆಯನ್ನು ಪೊಟ್ಟಣದ ಮೇಲೆ ಬರೆದಷ್ಟು ಹಾಕಿ, ಅರ್ಧ ತಾಸು ಬಿಡಿ, ಇಲ್ಲವೇ ಕುದಿಸಿ. ಆದರೆ ಉಪ್ಪುನೀರನ್ನೂ ಫ್ಲೋರೈಡ್ ನೀರನ್ನೂ ಕುದಿಸಿದರೆ ಅವು ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದು ಇನ್ನೂ ಗಟ್ಟಿಯಾಗುತ್ತದೆ. ಮುಂಡರಗಿ ಕಡೆಯ ಬೋರಿನ ನೀರು ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಥಾರಿನ ಮನೆಗಳ ಮುಂದೆ ನೆಲದೊಳಗೆ ಗಚ್ಚಿನ ಗುಂಡಿ ಕಾಣುತ್ತದೆ, ಮೇಲೆ ಮುಚ್ಚಳವಿರುತ್ತದೆ. ಅದು ಟಾಂಕಾ, ಮಳೆನೀರು ಹಿಡಿದಿಟ್ಟ ಜಾಗ. ಜೈಸಲ್ಮೇರಿಗೆ ವರ್ಷಕ್ಕೆ ಬೀಳುವ ಮಳೆ 200 ಮಿ.ಮೀ. ಆಸುಪಾಸು, ನಮ್ಮ ಗದಗಿಗೆ ಬೀಳುವುದರ ಮೂರನೆಯ ಒಂದು ಪಾಲು. ಅಷ್ಟರಲ್ಲಿ ಆ ಮನೆಯವರು ಮಳೆಗಾಲದಿಂದ ಮಳೆಗಾಲಕ್ಕೆ ಮುಟ್ಟಬೇಕು. ಕೇಳದೆ ಕೊಡ ಇಳಿಸಬೇಡಿ. ಅವರಾಗಿಯೇ ಕೊಟ್ಟರೆ ಕುಡಿಯಲು ಒಂದು ತಂಬಿಗೆ ಮಾತ್ರ ತೊಗೊಳ್ಳಿ. ಊರ ಕೆರೆಗಳ ಸುತ್ತಲಿನ ಇಳಿಜಾರು ನೆಲಕ್ಕೆ ಅಲ್ಲಿ ಆಗೋರ್ ಎನ್ನುತ್ತಾರೆ. ಮಳೆನೀರು ಹರಿದು ಕೆರೆ ಸೇರುವುದು ಅದರ ಮೇಲಿಂದಲೇ. ಅದರ ಮೇಲೆ ಗಾಡಿ ನಿಲ್ಲಿಸುವುದು, ಬಾಂಡೆ ತೊಳೆಯುವುದು, ಬಯಲಿಗೆ ಕೂಡುವುದು ಊರಿನ ಬಾಯಿಗೆ ಹೊಲಸು ಹಾಕಿದಂತೆ.

ಪ್ರತಿ ಸಂಜೆ ಉಳಿದ ಕ್ಯಾನು ಎಣಿಸಿ ಬರೆಯಿರಿ. ಎರಡನೆಯ ದಿನ ಮುಗಿದಾಗ ಮೀಸಲು ಬಿಟ್ಟು ಆರು ಕ್ಯಾನು ಇರಬೇಕು. ಐದಿದ್ದರೆ ಮೈ ತೊಳೆಯುವುದನ್ನು ನಿಲ್ಲಿಸಿ, ನಾಲ್ಕಿದ್ದರೆ ಐದನೆಯ ದಿನಕ್ಕೆ ಕಾಯದೆ ಮೊದಲೇ ಪೇಟೆಗೆ ಹೋಗಿ.

ಒಲೆ, ಬುತ್ತಿ, ಬಾಂಡೆ

ಮರುಭೂಮಿಗೆ ನಮ್ಮ ಭಾಗದ ಬುತ್ತಿಯಷ್ಟು ಹೊಂದುವ ಊಟ ಇನ್ನೊಂದಿಲ್ಲ. ಕಟಕ ರೊಟ್ಟಿಗೆ ಅಲ್ಲಿ ಗ್ಯಾಸು ಬೇಡ, ನೀರು ಬೇಡ, ಜಿಡ್ಡಿನ ಬಾಂಡೆಯೂ ಬೀಳುವುದಿಲ್ಲ. ದಿನಕ್ಕೆ ಒಂದು ಹೊತ್ತು ರೊಟ್ಟಿ, ತಲೆಗೆ ನಾಲ್ಕು ಎಂದರೆ ದಿನಕ್ಕೆ 16, ಹದಿನಾರು ದಿನದ ಪ್ರವಾಸಕ್ಕೆ ಸುಮಾರು 250 ರೊಟ್ಟಿ. ತೆಳ್ಳಗೆ ಬಡಿದು, ಬೇಯಿಸಿ, ಪೂರ್ತಿ ಗರಿಗರಿಯಾಗುವವರೆಗೆ ಆರಿಸಿದ್ದೇ ಆಗಬೇಕು. ನಡುವೆ ಮೆತ್ತಗೆ ಉಳಿದ ಒಂದು ರೊಟ್ಟಿಯಿಂದ ಇಡೀ ಡಬ್ಬಿಗೆ ಬೂಸ್ಟು ಬರುತ್ತದೆ. ಅಗಲವಾದ ತಗಡಿನ ಡಬ್ಬಿಯಲ್ಲಿ ಮಲಗಿಸಿ, ಕೆಳಗೂ ಮೇಲೂ ಒಣ ಅರಿವೆ ಇಟ್ಟು ಅಲುಗದಂತೆ ತುಂಬಿ. ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ ಒಯ್ದರೆ ಪುಣೆ ದಾಟುವಷ್ಟರಲ್ಲಿ ಪುಡಿ. ಹಿರಿಯರಿಗೆ ಮೆತ್ತಗೆ ಬೇಕಾದರೆ ಎರಡು ಚಮಚ ನೀರು ಚಿಮುಕಿಸಿ, ಒದ್ದೆ ಅರಿವೆಯಲ್ಲಿ ಹತ್ತು ನಿಮಿಷ ಸುತ್ತಿಟ್ಟು, ಹಂಚಿನ ಮೇಲೆ ಬಿಸಿ ಮಾಡಿ.

ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ವಾರಕ್ಕೆ ಕಾಲು ಕಿಲೋದಂತೆ ಸಣ್ಣ ಸಣ್ಣ ಡಬ್ಬಿಗಳಲ್ಲಿ ತುಂಬಿ. ಒಂದೇ ದೊಡ್ಡ ಡಬ್ಬಿಯನ್ನು ದಿನವೂ ತೆಗೆದು ಮುಚ್ಚಿದರೆ ಎಣ್ಣೆಕಾಳಿನ ಪುಡಿ ಬೇಗ ಕಮಟು ಹಿಡಿಯುತ್ತದೆ. ಮಡಿಕೆ ಕಾಳು, ಹೆಸರು ಕಾಳು ಎರಡೆರಡು ಕಿಲೋ ಇರಲಿ, ಕಾಯಿಪಲ್ಲೆ ತೀರಿದ ದಿನ ಮೊಳಕೆಯೇ ಪಲ್ಯ. ನೆನೆಸಿದ ಕಾಳನ್ನು ಅಲ್ಲಿನ ಚಳಿಯಲ್ಲಿ ಸುಮ್ಮನೆ ಕಟ್ಟಿಟ್ಟರೆ ಎರಡು ದಿನವಾದರೂ ಮೊಳಕೆ ಒಡೆಯುವುದಿಲ್ಲ. ಹಗಲು ಗಾಡಿಯ ಮುಂದಿನ ಗಾಜಿನ ಹಿಂದೆ, ರಾತ್ರಿ ಹಾಸಿಗೆಯ ಮಗ್ಗುಲಲ್ಲಿ ಇಡಿ. ಮೊಸರಿಗೂ ಇದೇ ಉಪಾಯ: ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ, ಅಗಲ ಬಾಯಿಯ ಥರ್ಮಾಸಿನಲ್ಲಿ ಮುಚ್ಚಿಟ್ಟರೆ ಬೆಳಿಗ್ಗೆಗೆ ಗಡ್ಡೆ ಮೊಸರು. ಕಚ್ಛದ ಬನ್ನಿ ಹುಲ್ಲುಗಾವಲಿನ ಎಮ್ಮೆ ಹಾಲು ಭುಜ್ ಕಡೆ ಸಿಗುತ್ತದೆ, ಅದರ ಮೊಸರು ಚೂರಿಯಿಂದ ಕೊಯ್ಯುವಷ್ಟು ದಪ್ಪ. ಜೋಳ ತೀರಿದರೆ ಚಿಂತೆ ಬೇಡ, ಅಲ್ಲಿ ಸಜ್ಜೆ ಹಿಟ್ಟು ಯಾವ ಕಿರಾಣಿ ಅಂಗಡಿಯಲ್ಲೂ ‘ಬಾಜ್ರಾ’ ಎಂದು ಕೇಳಿದರೆ ಸಿಗುತ್ತದೆ.

ಬ್ಯಾಳಿ ಬೇಯಿಸುವಾಗ ಮಾತ್ರ ಸಿಹಿನೀರಿನಲ್ಲಿ ಜಿಪುಣತನ ಬೇಡ. ಗಡಸು ನೀರಿನ ಸುಣ್ಣದ ಅಂಶ ಕಾಳಿನ ಸಿಪ್ಪೆಯನ್ನು ಬಿಗಿಗೊಳಿಸುತ್ತದೆ, ಹತ್ತು ಸೀಟಿ ಹೊಡೆಸಿದರೂ ಬ್ಯಾಳಿ ಕರಗುವುದಿಲ್ಲ, ಗ್ಯಾಸಷ್ಟೇ ದಂಡ. ನೆನೆಸುವ ನೀರೂ ಸಿಹಿನೀರೇ ಇರಲಿ.

ಗ್ಯಾಸಿಗೆ 5 ಕಿಲೋದ ಸಣ್ಣ ಸಿಲಿಂಡರ್ ಸಾಕು. ಒಂದೇ ಬರ್ನರನ್ನು ದಿನಕ್ಕೆ ಎರಡು ತಾಸು ಉರಿಸಿದರೆ ಹೆಚ್ಚುಕಡಿಮೆ ಎರಡು ವಾರ ಬರುತ್ತದೆ. ಗಾಡಿ ಓಡುವಾಗ ರೆಗ್ಯುಲೇಟರ್ ಬಿಚ್ಚಿ, ಟೊಪ್ಪಿಗೆ ಹಾಕಿ, ನೆಟ್ಟಗೆ ನಿಲ್ಲಿಸಿ ಕಟ್ಟಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಗಾಡಿಯ ನೆಲದಲ್ಲೇ ಕೂಡುತ್ತದೆ. ಆದ್ದರಿಂದ ಸಿಲಿಂಡರ್ ಇಡುವ ಗೂಡಿನ ತಳಕ್ಕೆ ಹೊರಗೆ ತೆರೆಯುವ ಒಂದು ಕಿಂಡಿ ಇರಲೇಬೇಕು. ಕಿಟಕಿ ತೆರೆದಿದ್ದೇವಲ್ಲ ಎಂದು ನಂಬಬೇಡಿ. ಅಡುಗೆ ಆದಷ್ಟು ಗಾಡಿಯ ಹೊರಗೆ, ಗಾಳಿಯ ಮರೆಗೆ. ಒಲೆಗೆ ಮೂರು ಕಡೆ ತಗಡಿನ ತಡೆ ನಿಲ್ಲಿಸಿದರೆ ಗ್ಯಾಸು ಉಳಿಯುತ್ತದೆ, ಆದರೆ ಆ ತಡೆಯೊಳಗೆ ಸಿಲಿಂಡರ್ ಬರಬಾರದು, ಅದು ಕಾಯುತ್ತದೆ.

ಬಾಂಡೆಗೆ ಐದು ಲೀಟರಿನಲ್ಲಿ ದಿನ ತೆಗೆಯುವ ಕ್ರಮ ಹೀಗೆ. ಉಂಡ ಕೂಡಲೇ ಹಳೇ ಪೇಪರಿನಿಂದ ಜಿಡ್ಡು ಒರೆಸಿ. ಸ್ಟೀಲಿನ ಬಾಂಡೆಗೆ ಒಣ ಉಸುಕು ಹಾಕಿ ತಿಕ್ಕಿ, ಥಾರಿನ ಹಳ್ಳಿಗಳಲ್ಲಿ ಹೀಗೇ ಬೆಳಗುತ್ತಾರೆ. ರಣದ ಉಪ್ಪುಮಣ್ಣು ಇದಕ್ಕೆ ಬೇಡ, ಮನೆಯಿಂದ ಒಂದು ಡಬ್ಬಿ ಬೂದಿ ಒಯ್ಯಿರಿ. ಆಮೇಲೆ ಚಿಮುಕಿಸುವ ಬಾಟಲಿಯಿಂದ ಸಾಬೂನು ನೀರು, ಕೊನೆಗೆ ಒಂದು ಬೋಗುಣಿಯಲ್ಲಿ ಒಂದೂವರೆ ಲೀಟರ್ ನೀರಿಟ್ಟು ಎಲ್ಲವನ್ನೂ ಅದರಲ್ಲೇ ಅದ್ದಿ ತೆಗೆಯುವುದು. ನಾನ್‌ಸ್ಟಿಕ್ ಬಾಂಡೆಯನ್ನು ಮನೆಯಲ್ಲೇ ಬಿಡಿ. ತಾಟಿನ ಬದಲು ಮುತ್ತಲ ಎಲೆಯ ಪತ್ರಾವಳಿ ನೂರು ಒಯ್ದರೆ ಅರ್ಧ ಬಾಂಡೆ ತಪ್ಪಿತು.

ಮೈ, ಅರಿವೆ, ಸಂಡಾಸು

ಕಪ್ಪು ಬಣ್ಣದ ಕ್ಯಾನಿನಲ್ಲಿ 10 ಲೀಟರ್ ನೀರು ಹಾಕಿ ಬೆಳಿಗ್ಗೆ ಬಿಸಿಲಿಗಿಟ್ಟರೆ ಮಧ್ಯಾಹ್ನ ಮೂರಕ್ಕೆ ಬೆಚ್ಚಗಾಗಿರುತ್ತದೆ. ಜಳಕದ ಹೊತ್ತು ಅದೇ. ಒಬ್ಬರಿಗೆ ಎರಡೂವರೆ ಲೀಟರ್: ಒದ್ದೆ ಪಂಚೆಯಿಂದ ಮೈ ಒರೆಸಿ, ಸಾಬೂನು ಬಗಲಿಗೆ, ಕಾಲಿಗೆ ಮಾತ್ರ ಹಚ್ಚಿ, ತಂಬಿಗೆಯಿಂದ ಸುರಿದುಕೊಳ್ಳುವುದು. ಸಂಜೆ ಆರರ ಮೇಲೆ ಮೈ ತೋಯಿಸಿದರೆ ಚಳಿ ಬಿಡುವುದಿಲ್ಲ. ತುಟಿ, ಹಿಮ್ಮಡಿ ಒಡೆಯುವುದು ಎರಡನೆಯ ದಿನಕ್ಕೇ ಶುರುವಾಗುತ್ತದೆ. ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿ ಕಾಲುಚೀಲ ಹಾಕಿ.

ಅರಿವೆ ಬಯಲಲ್ಲಿ ಒಗೆಯಬೇಡಿ, ಪೇಟೆಗೆ ಹೋಗುವ ದಾರಿಯಲ್ಲಿ ಒಗೆಯಿರಿ. ಬಿಗಿ ಮುಚ್ಚಳದ 20 ಲೀಟರ್ ಬಕೆಟಿನಲ್ಲಿ ಅರ್ಧದಷ್ಟು ಅರಿವೆ, ಮುಳುಗುವಷ್ಟು ಬಳಕೆ ನೀರು, ಸೋಪಿನ ಪುಡಿ ಹಾಕಿ ಗಾಡಿಯ ಹಿಂದೆ ಕಟ್ಟಿ. 40 ಕಿ.ಮೀ. ರಸ್ತೆಯ ಕುಲುಕಾಟಕ್ಕೆ ಅವು ತಾವೇ ಒಗೆದುಕೊಂಡಿರುತ್ತವೆ, ಪೇಟೆಯ ನಳದಲ್ಲಿ ಹಿಂಡಿದರಾಯಿತು. ಗಡಸು ನೀರಿಗೆ ಬಾರ್ ಸಾಬೂನು ನೊರೆ ಬರುವುದಿಲ್ಲ, ಬಿಳಿ ಅಂಟಾಗಿ ಕೂಡುತ್ತದೆ, ಪುಡಿಯೇ ಬೇಕು. ಜೊತೆಗೆ ಒಂದು ಚಮಚ ಸೋಡಾ, ಅಡುಗೆಯದ್ದಲ್ಲ, ಅರಿವೆಯದ್ದು.

ಸಂಡಾಸಿನ ವಿಷಯದಲ್ಲಿ ನಾಚಿಕೆ ಪಟ್ಟು ಮಾತಾಡದೆ ಹೋದವರಿಗೇ ತೊಂದರೆ. ಬಿಗಿ ಮುಚ್ಚಳದ ಬಕೆಟು, ಅದಕ್ಕೆ ಕೂಡುವ ಸೀಟು, ಒಳಗೆ ದಪ್ಪ ಚೀಲ, ಪ್ರತಿ ಸಲ ಮೇಲೆ ಎರಡು ಹಿಡಿ ಕಟ್ಟಿಗೆ ಪುಡಿ ಅಥವಾ ತೆಂಗಿನ ನಾರಿನ ಪುಡಿ. ಸಾಮಿಲ್ಲಿನ ಪುಡಿ ಒಂದು ಗೋಣಿಚೀಲ ಒಯ್ಯಿರಿ. ಮೂತ್ರ ಬೇರೆ ಕ್ಯಾನಿಗೆ ಹೋಗಬೇಕು. ಎರಡೂ ಕೂಡಿದರೆ ನಾರುತ್ತದೆ, ಬೇಗ ತುಂಬುತ್ತದೆ. ಉಸುಕಿನಲ್ಲಿ ಹೂಳುವುದಾದರೆ ಒಂದು ಗೇಣು ಆಳ, ನೀರಿನ ಜಾಗದಿಂದ, ದಾರಿಯಿಂದ ನೂರು ಹೆಜ್ಜೆಯಾಚೆ. ಆದರೆ ಒಣ ಉಸುಕಿನಲ್ಲಿ ನಮ್ಮ ಎರಿಮಣ್ಣಿನಂತೆ ಬೇಗ ಕೊಳೆಯುವುದಿಲ್ಲ, ಗಾಳಿ ಬೀಸಿದರೆ ಮತ್ತೆ ಮೇಲೆ ಬರುತ್ತದೆ. ರಣದ ಉಪ್ಪಿನ ಹೆಪ್ಪಳಿಕೆಯನ್ನಂತೂ ಅಗೆಯಲೇಬಾರದು. ಹೊತ್ತು ತಂದು ಪೇಟೆಯ ಸಾರ್ವಜನಿಕ ಶೌಚಾಲಯದಲ್ಲಿ, ಅಲ್ಲಿ ನೋಡಿಕೊಳ್ಳುವವರನ್ನು ಕೇಳಿ, ಪುಡಿ ಹಾಕದ ಮೂತ್ರದ ಕ್ಯಾನನ್ನಷ್ಟೇ ಸುರಿಯಿರಿ. ಚೀಲ ಕಟ್ಟಿದ್ದು ಕಸದ ಗಾಡಿಗೆ. ಪ್ಯಾಡು, ಡೈಪರ್‌ಗೆ ಬೇರೆ ಮುಚ್ಚಳದ ಡಬ್ಬಿ ಇಡಿ.

ಕರೆಂಟು

12 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಹೆಚ್ಚುಕಡಿಮೆ 1,280 ವ್ಯಾಟ್-ಅವರ್ ಹಿಡಿಯುತ್ತದೆ. 40 ಲೀಟರಿನ ಸಣ್ಣ ಫ್ರಿಜ್ ಚಳಿಗಾಲದಲ್ಲಿ ದಿನಕ್ಕೆ 400 ತಿನ್ನುತ್ತದೆ, ದೀಪ 50, ನಾಲ್ಕು ಫೋನು 60, ನೀರಿನ ಪಂಪು, ಇತರೆ 40. ಒಟ್ಟು 550. ಮಾಳಿಗೆಯ ಮೇಲಿನ 200 ವ್ಯಾಟಿನ ಸೋಲಾರ್ ಹಲಗೆ ಚಳಿಗಾಲದ ಬಿಸಿಲಿಗೆ 600ರಷ್ಟು ಕೊಡುತ್ತದೆ. ಅಂದರೆ ಸರಿಹೋಗುತ್ತದೆ, ಉಳಿತಾಯ ಆಗುವುದಿಲ್ಲ. ಮಿಕ್ಸರಿಗೆ ಎರಡು ನಿಮಿಷ ಕೊಟ್ಟರೆ ನಡೆಯುತ್ತದೆ. ಇಂಡಕ್ಷನ್ ಒಲೆ ಹಚ್ಚಿದರೆ 150 ಆಂಪಿಯರ್ ಎಳೆದು ತಂತಿ ಕಾಯುತ್ತದೆ. ಬ್ಯಾಟರಿಯಿಂದ ಒಂದು ಗೇಣಿನೊಳಗೇ ಫ್ಯೂಸ್ ಇರಲಿ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿ ಉಜ್ಜಿ ಶಾರ್ಟ್ ಆದಾಗ ದೂರದ ಫ್ಯೂಸ್ ಕಾಪಾಡಲಾರದು.

ಹಲಗೆಯ ಮೇಲೆ ಧೂಳು ಕೂತರೆ ಕರೆಂಟು ಇಳಿಯುತ್ತದೆ. ಒಣ ಅರಿವೆಯಿಂದ ಒರೆಸಿದರೆ ಉಸುಕಿನ ಕಣ ಗಾಜನ್ನು ಗೀರುತ್ತದೆ. ಮೊದಲು ಮೆತ್ತನೆಯ ಕಸಬರಿಗೆಯಿಂದ ಹೊಡೆದು, ನಸುಕಿನಲ್ಲಿ ಇಬ್ಬನಿ ಇದ್ದಾಗಲೇ ಒರೆಸಿ, ನೀರೂ ಉಳಿಯಿತು. ಇನ್ಸುಲಿನ್ ಒಯ್ಯುವವರು ಅದನ್ನು ಸಣ್ಣ ಫ್ರಿಜ್ಜಿನ ತಣ್ಣನೆಯ ಗೋಡೆಗೆ ತಾಗಿಸಿ ಇಡಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬರುವುದಿಲ್ಲ.

ಗಾಡಿ ಎಲ್ಲಿ ನಿಲ್ಲಬೇಕು

ಬಿಳಿ ರಣ ಗಟ್ಟಿ ನೆಲದಂತೆ ಕಾಣುತ್ತದೆ. ಮೇಲೆ ಉಪ್ಪಿನ ಹೆಪ್ಪಳಿಕೆ, ಕೆಳಗೆ ಹಸಿ ರಾಡಿ. ಮನುಷ್ಯ ನಡೆದರೆ ತಾಳುತ್ತದೆ, ಮೂರು ಟನ್ನಿನ ಗಾಡಿ ಅಚ್ಚಿನವರೆಗೆ ಇಳಿಯುತ್ತದೆ. ರಸ್ತೆ ಬಿಡಬೇಡಿ. ಬಿಳಿ ರಣದ ಅಂಚಿನ ಹಳ್ಳಿ ಧೋರ್ಡೊ ಕಡೆ ಹೋಗಲು ಭಿರಂಡಿಯಾರಾದಲ್ಲಿ ಗುರುತಿನ ಚೀಟಿ ತೋರಿಸಿ ಪರವಾನಗಿ ಪಡೆಯಬೇಕು. ಎಲ್ಲರ ಆಧಾರ್ ನಕಲು, ಗಾಡಿಯ ಕಾಗದ ಒಂದೇ ಕವರಿನಲ್ಲಿರಲಿ. ಜೈಸಲ್ಮೇರಿನ ಸಮ್, ಖುರಿ ಕಡೆಯ ಬಹಳಷ್ಟು ನೆಲ 1980ರಲ್ಲಿ ಘೋಷಿಸಿದ ಡೆಸರ್ಟ್ ನ್ಯಾಷನಲ್ ಪಾರ್ಕಿಗೆ ಸೇರಿದ್ದು. ಒಂದು ಕಾಲಕ್ಕೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲೂ ಕಾಣುತ್ತಿದ್ದ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಈಗ ಹೆಚ್ಚಾಗಿ ಉಳಿದಿರುವುದು ಅಲ್ಲೇ, ನೆಲದ ಮೇಲೇ ಮೊಟ್ಟೆ ಇಡುತ್ತದೆ. ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಅಲ್ಲಿ ರಾತ್ರಿ ತಂಗಬಾರದು. ಹಳ್ಳಿಯ ಅಂಚಿನಲ್ಲಿ, ಹೊಲದ ಒಡೆಯರನ್ನು ಕೇಳಿ ನಿಲ್ಲುವುದೇ ಸರಿಯಾದ ದಾರಿ. ಪಾಕಿಸ್ತಾನದ ಗಡಿ ಹತ್ತಿರವಾದ ಕಾರಣ, ಹತ್ತಿರದ ಪೊಲೀಸ್ ಠಾಣೆಯಲ್ಲಿ ಗಾಡಿಯ ನಂಬರು, ಎಷ್ಟು ದಿನ ಇರುತ್ತೀರಿ ಎಂಬುದನ್ನು ಹೇಳಿಬಿಡಿ.

ಬಳ್ಳಾರಿ ಜಾಲಿಯ ನೆರಳಿಗೆ ಮರುಳಾಗಬೇಡಿ. ಕಚ್ಛದಲ್ಲಿ ಅದಕ್ಕೆ ‘ಗಾಂಡೊ ಬಾವಳ’, ಹುಚ್ಚು ಜಾಲಿ, ಎನ್ನುತ್ತಾರೆ. ಬನ್ನಿ ಹುಲ್ಲುಗಾವಲನ್ನು ನಮ್ಮ ಕೆರೆ ಅಂಗಳಗಳಂತೆಯೇ ಅದು ತಿಂದಿದೆ. ಉದುರಿದ ಮುಳ್ಳು ಟೈರಿನ ಮಗ್ಗುಲನ್ನೂ ತೂರುತ್ತದೆ, ಮಗ್ಗುಲಿನ ಪಂಚರಿಗೆ ಪ್ಲಗ್ ಹಾಕಲಾಗದು. ಟ್ಯೂಬ್‌ಲೆಸ್ ಪ್ಲಗ್ ಕಿಟ್ಟು, ಹತ್ತು ಬತ್ತಿ, ಗಾಳಿ ತುಂಬಿದ ಸ್ಟೆಪ್ನಿ ಎರಡು ಇರಲಿ.

ಉಸುಕಿನ ಮೇಲೆ ಹೋಗಲೇಬೇಕಾದರೆ ಟೈರಿನ ಗಾಳಿಯನ್ನು ಮೂರನೆಯ ಒಂದು ಭಾಗ ಇಳಿಸಿ, ಟೈರು ಅಗಲವಾಗಿ ಕೂತು ಭಾರ ಹಂಚುತ್ತದೆ. ವೇಗ ತಾಸಿಗೆ 20 ಕಿ.ಮೀ. ಮೀರದಿರಲಿ, ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿ. ಕಂಪ್ರೆಸರ್ ತಂತಿಯನ್ನು ನೇರ ಬ್ಯಾಟರಿಗೆ ಕಚ್ಚಿಸಿ. ಸಿಗರೇಟ್ ಲೈಟರಿನ ಕಿಂಡಿಗೆ ಚುಚ್ಚಿದರೆ ಫ್ಯೂಸ್ ಹಾರುತ್ತದೆ. ಗಾಲಿ ಸಿಕ್ಕಿಕೊಂಡು ತಿರುಗಲು ಹತ್ತಿದರೆ ಕೂಡಲೇ ಎಕ್ಸಲೇಟರ್ ಬಿಡಿ. ಮಂದಿಯನ್ನೂ ನೀರಿನ ಕ್ಯಾನನ್ನೂ ಇಳಿಸಿ, ಗಾಲಿಯ ಹಿಂದಿನ ಉಸುಕನ್ನು ಸಲಿಕೆಯಿಂದ ತೆಗೆದು, ಎರಡೆರಡು ಗೋಣಿಚೀಲ ಹಾಸಿ, ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯಿರಿ. ಮುಂದಕ್ಕೆ ನುಗ್ಗಿದರೆ ಮುಂದೂ ಉಸುಕೇ.

ಪೇಟೆಯ ದಿನ

ಸಮ್‌ನಿಂದ ಜೈಸಲ್ಮೇರ್ 40 ಕಿ.ಮೀ., ಧೋರ್ಡೊದಿಂದ ಭುಜ್ 80 ಕಿ.ಮೀ. ಮೀರುತ್ತದೆ. ಹೋಗಿ ಬರುವುದರಲ್ಲೇ ಮೂರು ತಾಸು ಹೋಗುವ ಕಡೆ ಕೆಲಸದ ಸರದಿ ತಪ್ಪಬಾರದು. ಹಿಂದಿನ ರಾತ್ರಿ ಚೀಟಿ ಬರೆಯಿರಿ, ನಸುಕಿನಲ್ಲಿ ಖಾಲಿ ಕ್ಯಾನು, ಅರಿವೆ ಬಕೆಟು, ಕಸ ಏರಿಸಿ ಎಂಟಕ್ಕೆ ಹೊರಡಿ.

ಮೊದಲು ಹೊಲಸಿನ ಕೆಲಸ: ಸಂಡಾಸಿನ ಕ್ಯಾನು, ಕಸ. ಅದು ಮುಗಿದು ಕೈ ತೊಳೆದ ಮೇಲೆ ಅರಿವೆ ಹಿಂಡಿ, ಗಾಡಿಯೊಳಗೆ ಹಗ್ಗ ಕಟ್ಟಿ ಹರವಿ. ಆಮೇಲೆ ಪೆಟ್ರೋಲ್ ಬಂಕು: ಡೀಸೆಲ್, ಟೈರಿನ ಗಾಳಿ, ಕೂಲಂಟ್, ಏರ್ ಫಿಲ್ಟರಿನ ಧೂಳು ಒಂದೇ ಕಡೆ ಆಗುತ್ತದೆ. ಡೀಸೆಲ್ ಅರ್ಧ ಟ್ಯಾಂಕಿಗಿಂತ ಕೆಳಗೆ ಯಾವತ್ತೂ ಇಳಿಯದಿರಲಿ. ಬಂಕಿನಲ್ಲಿ ನಿಂತಾಗಲೇ ಎಟಿಎಂ, ಔಷಧಿ ಅಂಗಡಿ ಮುಗಿಸಿ. ಬಯಲಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ಲದಾಗ ಫೋನಿನಿಂದ ದುಡ್ಡು ಕೊಡಲಾಗದು, ಹತ್ತು, ಇಪ್ಪತ್ತು, ಐವತ್ತರ ನೋಟಿನಲ್ಲಿ ಎರಡು ಮೂರು ಸಾವಿರ ಕೈಯಲ್ಲಿರಬೇಕು. ನೆಟ್‌ವರ್ಕ್ ಇರುವಾಗಲೇ ಮುಂದಿನ ಐದು ದಿನದ ನಕಾಶೆಯನ್ನು ಫೋನಿಗೆ ಇಳಿಸಿಕೊಳ್ಳಿ, ಹವಾಮಾನ ನೋಡಿ, ನಿಂತಿರುವ ಜಾಗದ ಗುರುತನ್ನು ಮನೆಗೆ ಕಳಿಸಿ, ಮುಂದಿನ ಕರೆ ಯಾವ ದಿನ ಎಷ್ಟು ಹೊತ್ತಿಗೆ ಎಂದು ಖಚಿತವಾಗಿ ಹೇಳಿ. ಆ ಹೊತ್ತು ಮೀರಿ ಅರ್ಧ ದಿನವಾದರೆ ಯಾರಿಗೆ ಫೋನು ಮಾಡಬೇಕೆಂದು ಮನೆಯವರಿಗೆ ಬರೆದುಕೊಟ್ಟಿರಿ.

ಕಿರಾಣಿ, ಕಾಯಿಪಲ್ಲೆ ಅದರ ನಂತರ. ಐದು ದಿನ ತಾಳುವಂಥದ್ದೇ ಹೆಚ್ಚಿರಲಿ: ಉಳ್ಳಾಗಡ್ಡಿ 2 ಕಿಲೋ, ಆಲೂಗಡ್ಡೆ 2, ಎಲೆಕೋಸು 1, ಗಜ್ಜರಿ 1, ಅರ್ಧ ಕಾಯಿಯ ಟೊಮ್ಯಾಟೊ 1, ನಿಂಬೆ 10. ಮೆಂತೆ, ಕೊತ್ತಂಬರಿಯನ್ನು ಅದೇ ರಾತ್ರಿ ತಿಂದು ಮುಗಿಸಿ, ಒಣ ಗಾಳಿಗೆ ಮರುದಿನಕ್ಕೆ ಅದು ಹುಲ್ಲು. ಹಾಲು ಕೊನೆಗೆ. ಎಲ್ಲಕ್ಕಿಂತ ಕೊನೆಗೆ ನೀರು. ಬೆಳಿಗ್ಗೆಯೇ 220 ಕಿಲೋ ನೀರು ತುಂಬಿಕೊಂಡು ಇಕ್ಕಟ್ಟಿನ ಪೇಟೆಯಲ್ಲಿ ದಿನವಿಡೀ ತಿರುಗುವುದು ಗಾಡಿಗೂ ಡೀಸೆಲಿಗೂ ದಂಡ. ಆದರೆ ನೀರು ತುಂಬುವ ಜಾಗ ಎಷ್ಟು ಹೊತ್ತಿಗೆ ಮುಚ್ಚುತ್ತದೆಂದು ಬೆಳಿಗ್ಗೆಯೇ ಕೇಳಿಡಿ. ನಾಲ್ಕಕ್ಕೆ ಪೇಟೆ ಬಿಡಬೇಕು. ಕತ್ತಲಾದ ಮೇಲೆ ಆ ರಸ್ತೆಗಳಲ್ಲಿ ಒಂಟೆ, ಎಮ್ಮೆ ಅಡ್ಡ ನಿಂತಿರುತ್ತವೆ, ಒಂಟೆಯ ಕಾಲು ಸಣ್ಣ, ಮೈ ಎತ್ತರ, ಹೆಡ್‌ಲೈಟಿಗೆ ಬೇಗ ಕಾಣುವುದಿಲ್ಲ.

ರಾತ್ರಿ, ಮತ್ತೆ ಮನೆಗೆ

ಗಾಡಿಯ ಮೂತಿ ಗಾಳಿಗೆ ಎದುರಾಗಿ, ಬಾಗಿಲು ಗಾಳಿಯ ಮರೆಗೆ. ಬಾಗಿಲ ಸಂದಿಗೆ ಸಂಜೆ ಒದ್ದೆ ಅರಿವೆಯ ಸುರುಳಿ ಒತ್ತಿದರೆ ಉಸುಕು ಒಳಗೆ ಬರುವುದು ಅರ್ಧಕ್ಕೆ ನಿಲ್ಲುತ್ತದೆ. ಹೊದಿಯಲು ಕೌದಿ ಕೆಳಗೆ ಒಂದು, ಮೇಲೆ ಒಂದು, ಅದರ ಮೇಲೆ ಕಂಬಳಿ. ತಗಡಿನ ನೆಲದಿಂದ ಬರುವ ಚಳಿ ಮೇಲಿನದಕ್ಕಿಂತ ಹೆಚ್ಚು, ಆದ್ದರಿಂದ ಕೆಳಗಿನ ಕೌದಿಯಲ್ಲಿ ಉಳಿತಾಯ ಮಾಡಬೇಡಿ. ಶಗಡಿಯನ್ನೂ ಉರಿವ ಒಲೆಯನ್ನೂ ಗಾಡಿಯೊಳಗೆ ಇಟ್ಟು ಮಲಗಲೇಬಾರದು. ಇದ್ದಿಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲಿದ್ದವರು ಏಳುವುದಿಲ್ಲ. ಎದುರುಬದುರಿನ ಎರಡು ಕಿಟಕಿ ಎರಡು ಬೆರಳಿನಷ್ಟು ತೆರೆದಿರಲಿ, ಅದರಿಂದ ಒಳಗಿನ ತಗಡು ಬೆವರಿ ಹಾಸಿಗೆ ತೋಯುವುದೂ ತಪ್ಪುತ್ತದೆ.

ಚಪ್ಪಲಿ, ಬೂಟು ಬೆಳಿಗ್ಗೆ ಜಾಡಿಸಿಯೇ ಹಾಕಿಕೊಳ್ಳಿ. ಚೇಳಿದೆ, ಗರಗಸ ಮಂಡಲದ ಹಾವಿದೆ. ಚಳಿಗಾಲದಲ್ಲಿ ಹಾವು ಕಡಿಮೆ ಹೊರಬರುತ್ತದೆ, ಆದರೂ ರಾತ್ರಿ ಟಾರ್ಚ್ ಇಲ್ಲದೆ ಹೊರಗೆ ಕಾಲಿಡಬೇಡಿ. ಕಚ್ಚಿದರೆ ಕೊಯ್ಯುವುದು, ಬಿಗಿ ಕಟ್ಟುವುದು ಬೇಡ, ಕಾಲು ಅಲುಗಿಸದೆ 108ಕ್ಕೆ ಕರೆ ಮಾಡಿ, ನೆಟ್‌ವರ್ಕ್ ಇಲ್ಲದಿದ್ದರೆ ನೇರ ಜಿಲ್ಲಾ ಆಸ್ಪತ್ರೆಗೆ.

ಊರು ಮುಟ್ಟಿದ ಮರುದಿನವೇ ಗಾಡಿಯನ್ನು ಲಿಫ್ಟಿಗೆ ಏರಿಸಿ ಕೆಳಭಾಗ ತೊಳೆಸಿ. ರಣದ ಉಪ್ಪಿನ ಧೂಳು ಚಾಸಿಯ ಸಂದಿಯಲ್ಲಿ ಕೂತಿರುತ್ತದೆ, ಒಣಗಿದ್ದಾಗ ಸುಮ್ಮನಿದ್ದು ಮೊದಲ ಮಳೆಗೆ ತುಕ್ಕು ಹಿಡಿಸುತ್ತದೆ. ಬ್ರೇಕ್ ಪೈಪು, ಸೈಲೆನ್ಸರಿನ ಹಿಡಿಕೆ, ಬ್ಯಾಟರಿಯ ತುದಿ ಮೂರನ್ನೂ ನೀವೇ ಬಗ್ಗಿ ನೋಡಿ. ಏರ್ ಫಿಲ್ಟರ್ ಬದಲಿಸಿ, ಬಡಿದು ಹಾಕುವುದು ಬೇಡ. ಕ್ಯಾನುಗಳನ್ನು ಬ್ಲೀಚಿಂಗ್ ನೀರಿನಿಂದ ತೊಳೆದು, ಮುಚ್ಚಳ ತೆಗೆದು ಬೋರಲು ಹಾಕಿ ಎರಡು ದಿನ ಆರಿಸಿ, ಮುಚ್ಚಳಗಳನ್ನು ಒಂದು ಚೀಲದಲ್ಲಿ ಕಟ್ಟಿ ಅವುಗಳ ಜೊತೆಗೇ ಇಡಿ.